ವೀರಗಲ್ಲಿಗೆ ಇಟ್ಟ ಸೊಪ್ಪು

ಮೆಣಸೆ ಕಡೆಯ ವೀರಗಲ್ಲಿನ ಫೋಟೊವನ್ನು ತಂಗಿ ಇವತ್ತು ಮೊಬೈಲಿಗೆ ಕಳಿಸಿದ್ದಾಳೆ. ಕಲ್ಲಿನ ಬುಡದಲ್ಲಿ ಹಸಿ ಸೊಪ್ಪಿದೆ.

ಅಪ್ಪನಿಗೆ ಹಳೆಯ ಊರು, ಬಂಡೆ ನೋಡುವ ಹುಚ್ಚು. ಊರಿಗೆಲ್ಲ ಬೈಕು ಬಂದ ಮೇಲೂ ನಮ್ಮಿಬ್ಬರನ್ನು ಸೈಕಲ್ಲಿನಲ್ಲೇ ಸುತ್ತಿಸುತ್ತಿದ್ದರು. ದಾರಿಯಲ್ಲಿ ವೀರಗಲ್ಲು ಸಿಕ್ಕರೆ ಒಂದು ಹಿಡಿ ಸೊಪ್ಪು ಇಟ್ಟೇ ಮುಂದೆ ಹೋಗಬೇಕು. ಕಲ್ಲನ್ನು ಮೊದಲು ಕಂಡವರೇ ಇಡಬೇಕೆಂಬುದು ಅಪ್ಪನ ಕಾನೂನು.

ತಂಗಿ ಮುಂದೆ ಬಾರಿನ ಮೇಲೆ ಕೂರುತ್ತಿದ್ದಳು. ಹಿಂದೆ ಕ್ಯಾರಿಯರಿನಲ್ಲಿದ್ದ ನನಗೆ ಕಾಣುತ್ತಿದ್ದದ್ದು ಅಪ್ಪನ ಬೆವರಿದ ಅಂಗಿ ಮಾತ್ರ. ನಾನು ಕಿತ್ತ ಸೊಪ್ಪು ಮುಷ್ಟಿಯಲ್ಲೇ ಬಾಡುತ್ತಿತ್ತು.

"ಇವತ್ತಾದ್ರೂ ನಾನು ಮುಂದೆ ಕೂರ್ತೀನಿ" ಎಂದರೆ, "ನೀನು ದೊಡ್ಡವಳಲ್ವಾ ಮಾರಾಯ್ತಿ, ಹಿಂದೆ ಕೂರು" ಎನ್ನುತ್ತಿದ್ದರು.

ಫೋಟೊದ ಕೆಳಗೆ ತಂಗಿ ಬರೆದಿದ್ದಾಳೆ: "ಅಕ್ಕಾ, ನಿನ್ನ ಹೆಸರಲ್ಲೂ ಒಂದು ಹಿಡಿ ಇಟ್ಟೆ."

ನೋಡಿ, ಕೊನೆಗೆ ನನ್ನ ಸೊಪ್ಪನ್ನೂ ಅವಳೇ ಇಟ್ಟಳು.