ಬೀಗದವನು ಹೇಳಿದ ‘ತೆಗಿ’

ಲಕ್ವ ಹೊಡೆದ ಮೇಲೆ ಬೀಗದವನ ಬಾಯಲ್ಲಿ ಉಳಿದದ್ದು ಒಂದೇ ಮಾತು. ತೆಗಿ. ಬಲಗೈ ಹೋಯಿತು, ಬಲಗಾಲು ಹೋಯಿತು, ಹೆಂಡತಿಯ ಹೆಸರೂ ನಾಲಿಗೆಗೆ ಬರದೆ ಹೋಯಿತು. ತೆಗಿ ಮಾತ್ರ ಹೋಗಲಿಲ್ಲ. ಅಂಗಡಿ ಹಾಕಿದಾಗಿನಿಂದ ಅವನು ಕೇಳುತ್ತ ಬಂದದ್ದು ಅದೇ ತಾನೆ. ಕೀಲಿ ಕಳೆದುಕೊಂಡವರು, ಕೂಸನ್ನು ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡವರು, ಎಲ್ಲರೂ ಓಡಿ ಬಂದು ಅನ್ನುತ್ತಿದ್ದದ್ದು, ಬೇಗ ತೆಗಿ ಮಾರಾಯ.

ಚೆನ್ನಾಗಿದ್ದಾಗ ಅವನು ಬಾಯಿಬಡುಕ. ಬೀಗದ ಹೊಟ್ಟೆಯೊಳಗೆ ತಂತಿ ಆಡಿಸುತ್ತ ಅದರ ಜೊತೆಗೇ ಮಾತಾಡುವನು. ಬಾರೇ, ನಾಚಬೇಡ, ಎಂದು ಪುಸಲಾಯಿಸುವನು. ನನ್ನ ಹತ್ತಿರ ಒಂದು ದಿನವಾದರೂ ಇಷ್ಟು ನಯವಾಗಿ ಮಾತಾಡಿದ್ದುಂಟಾ ಎಂದು ಹೆಂಡತಿ ಕೇಳಿದರೆ, ನಿನಗೆ ಯಾಕೆ, ನಿನ್ನ ಬಾಯಿಗೆ ಬೀಗವೇ ಇಲ್ಲವಲ್ಲ ಅನ್ನುವನು. ಆ ಜಗಳ ಈಗ ಎಲ್ಲಾದರೂ ಸಿಕ್ಕರೆ ಅವಳು ಕಾಲು ಹಿಡಿದು ಮನೆಗೆ ಕರೆತರುತ್ತಾಳೆ.

ಆ ಒಂದು ಮಾತಿನಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ತೆಗಿ ಎಂದು ಮೊಟಕಾಗಿ ಅಂದರೆ ಕಿಟಕಿ ತೆಗಿ, ಸೆಕೆ. ರಾಗ ಎಳೆದು ಅಂದರೆ ಕಾಲ ಮೇಲಿನ ಹೊದಿಕೆ ತೆಗಿ. ಮಾತ್ರೆಯ ಪಟ್ಟಿ ನೋಡಿ ಗದ್ದ ಎತ್ತಿ ಅಂದರೆ, ಬಿಡಿಸಿ ಬಾಯಿಗೆ ಹಾಕು ಎಂದು. ರಕ್ತದ ಒತ್ತಡದ ಮಾತ್ರೆ ನಿಲ್ಲಿಸಿದರೆ ಇನ್ನೊಂದು ಸಲ ಹೊಡೆಯುತ್ತದೆ, ಆಗ ಆಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು.

ಹಗಲೆಲ್ಲ ಅವಳು ಅಂಗಡಿಯಲ್ಲಿ ಕೂತು ಕೀಲಿ ಉಜ್ಜಬೇಕು. ಅಂಗಡಿ ಮುಚ್ಚಿದರೆ ಮಾತ್ರೆ ಎಲ್ಲಿಂದ? ಹೊತ್ತಿಗೆ ಮಾತ್ರೆ ಕೊಡಲು ಗಂಡನ ಹತ್ತಿರ ಮೈದುನ ಕೂರುತ್ತಿದ್ದ. ಟೈಪಿಂಗ್ ಮೇಷ್ಟ್ರನ್ನು ಮನೆಗೆ ಕರೆತಂದವನು ಅವನೇ.

ಟೈಪಿಂಗ್ ಕ್ಲಾಸು ಮುಚ್ಚಿದ ಮೇಲೆ ಮೇಷ್ಟ್ರಿಗೆ ಬೆರಳಿಗೂ ಕೆಲಸವಿಲ್ಲ, ತಲೆಗೂ ಕೆಲಸವಿಲ್ಲ. ಕನ್ನಡಿ ನೋಡಿಕೊಂಡರೆ ಆಯಸ್ಸು ಸೋರುತ್ತದೆ ಅಂದಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಸ್ತೆಯ ಎಡಗಡೆ ನಡೆದವರಿಗೆ ಬುದ್ಧಿ ಮಂದ ಅಂದ, ಮಕ್ಕಳು ನಕ್ಕವು. ಬೀಗದವನ ಎದುರು ಕೂತು ಅವನು ತೆಗಿ, ತೆಗಿ ಅನ್ನುವುದನ್ನು ಕೇಳಿದ್ದೇ, ಮೇಷ್ಟ್ರಿಗೆ ನಿಧಿ ಸಿಕ್ಕಿದಂತಾಯಿತು. ಎಲ್ಲ ರೋಗವೂ ಮುಚ್ಚುವುದರಿಂದ ಬರುತ್ತದಂತೆ. ಬಾಗಿಲು, ಮುಚ್ಚಳ, ಅಂಗಿಯ ಗುಂಡಿ, ಬೀಗ. ಎಲ್ಲ ತೆಗಿ. ಜೀವಮಾನವೆಲ್ಲ ಬೀಗದ ಜೊತೆ ಬಾಳಿದವನ ಬಾಯಿಂದಲೇ ಸತ್ಯ ಹೊರಟಿದೆಯಂತೆ.

ಜನ ಸೇರಿದರು. ಬ್ಯಾಂಕಿನವನು ಬಂದ, ಕಾಲೇಜಿನಲ್ಲಿ ಪಾಠ ಹೇಳುವವಳು ಬಂದಳು. ಗುಂಡಿ ಕಿತ್ತ ಅಂಗಿಯಲ್ಲಿ ಎದೆ ಬಿಟ್ಟುಕೊಂಡು ಕೂತರು. ಮುಚ್ಚಳವಿಲ್ಲದ ಕೊಡದಿಂದ, ನೊಣ ಬಿದ್ದ ನೀರು ಮೊಗೆದು ಕುಡಿದರು. ಬೀಗದವನ ಬಾಯಿಂದ ಜೊಲ್ಲು ಇಳಿದರೆ ಮೇಷ್ಟ್ರು ಕರವಸ್ತ್ರದಲ್ಲಿ ಒರೆಸಿ, ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದನ್ನೂ ಕೇಳಿ ಪಡೆಯುವವರಿದ್ದರು.

ಒಂದು ಸಂಜೆ ಅವಳು ಅಂಗಡಿಯಿಂದ ಬಂದು ನೋಡಿದರೆ ಮನೆಯ ಬಾಗಿಲೇ ಇಲ್ಲ. ಕೀಲು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅವರಿಗೆ ಸೆಕೆ, ಕಿಟಕಿ ತೆಗಿ ಅಂತಾರೆ, ಅಷ್ಟೇ ಎಂದು ಅವಳು ಎಷ್ಟು ಹೇಳಿದರೂ, ಹತ್ತಿರದವರಿಗೆ ದೊಡ್ಡದು ಕಾಣುವುದಿಲ್ಲ ಎಂದು ಮೇಷ್ಟ್ರು ನಕ್ಕ. ಅವಳು ಎಲ್ಲರನ್ನೂ ಬೈದು ಅಟ್ಟಿದಳು. ಮಾರನೆಯ ದಿನ ಅವಳು ಅಂಗಡಿಗೆ ಹೋಗುವುದನ್ನೇ ಕಾದು ಮತ್ತೆ ಬಂದರು.

ಮಾತ್ರೆಯೊಂದನ್ನು ಮಾತ್ರ ಅವಳು ದಿನಾ ಸಂಜೆ ನೋಡುತ್ತಿದ್ದಳು. ಪಟ್ಟಿ ಖಾಲಿಯಾಗುತ್ತಿತ್ತು. ಸಮಾಧಾನವಾಗುತ್ತಿತ್ತು.

ಒಂದು ಮಧ್ಯಾಹ್ನ ಇನ್ನೊಂದು ಸಲ ಹೊಡೆಯಿತು. ಅವಳು ಓಡಿ ಬರುವಷ್ಟರಲ್ಲಿ ಮುಗಿದಿತ್ತು.

ಎಲ್ಲ ಆದ ಮೇಲೆ ಬಚ್ಚಲಲ್ಲಿ ನೀರು ಕಟ್ಟಿತು. ಜಾಲರಿ ಎತ್ತಿದಳು. ಕೂದಲಿನ ಜೊತೆ ಬಿಳಿ ಹಿಟ್ಟು. ಅದರೊಳಗೆ ಇನ್ನೂ ಕರಗದ ಮಾತ್ರೆಗಳು. ಮೈದುನನನ್ನು ಕರೆದು ತೋರಿಸಿದಳು.

“ಪಟ್ಟಿ ನೋಡಿ ಅಣ್ಣ ತೆಗಿ ಅಂದ, ಅತ್ತಿಗೆ,” ಎಂದ ಅವನು. “ಅದೂ ಬೇಡ ಅಂತಿದಾನೆ, ತೆಗೆದುಬಿಡು ಅಂದ್ರು ಮೇಷ್ಟ್ರು. ನಾನು ತೆಗೆದೆ.”

ಅಳುತ್ತ ಕಾಲಿಗೆ ಬಿದ್ದ. ಹೊಡೆಯಬೇಕೆಂದು ಕೈ ಎತ್ತಿದಳು. ಮುಟ್ಟಲು ಹೇಸಿಗೆಯಾಯಿತು.

ಒದ್ದೆ ಸೆರಗಿನಲ್ಲೇ ಮೇಷ್ಟ್ರ ಮನೆಗೆ ಹೋದಳು. ಬಾಗಿಲು ಹಾಕಿತ್ತು. ಬರೀ ಹಾಕಿರಲಿಲ್ಲ, ಬೀಗ ಜಡಿದಿತ್ತು. ಮೇಲಿನದು ಹಿಂದೆ ತನ್ನ ಗಂಡನೇ ಕೂರಿಸಿದ ಹಿತ್ತಾಳೆ ಬೀಗ. ಕೆಳಗೆ ಇನ್ನೊಂದು, ಹೊಚ್ಚ ಹೊಸದು. ಅವಳು ಅಲ್ಲಿಯೇ ಉಗಿದು ವಾಪಸು ಬಂದಳು. ಗೋಡೆಗೆ ಒರಗಿದ್ದ ಬಾಗಿಲನ್ನು ಎತ್ತಿ, ಒಬ್ಬಳೇ ಕೀಲು ಕೂರಿಸಿ ತಿರುಪು ಬಿಗಿದಳು.

ಮೇಷ್ಟ್ರು ಬರದೆ ಇರುತ್ತಾನೆಯೆ? ಗುಂಪು ಕಟ್ಟಿಕೊಂಡು ಬಂದ. ಬೀಗದವನು ಕೂರುತ್ತಿದ್ದ ಕಬ್ಬಿಣದ ಕುರ್ಚಿ ಬೇಕಂತೆ, ತಾವು ಸೇರುವ ಹಾಲ್‌ನಲ್ಲಿ ಎತ್ತರಕ್ಕೆ ಇಡಲು. ಮಾತ್ರೆಯನ್ನು ಬೀಗದವನೇ ಮನಸಾರೆ ಬಿಟ್ಟ ಎಂದು ಊರೆಲ್ಲ ಹೇಳಿ ಆಗಿತ್ತು. ಬಾಗಿಲು ಬಡಿದ.

“ತಾಯಿ, ಬಾಗಿಲು ತೆಗೀರಿ.”

“ಯಾವ ತೆಗಿ, ಮೇಷ್ಟ್ರೇ?” ಒಳಗಿನಿಂದ ಅವಳು ಕೇಳಿದಳು. “ಚಿಲಕ ತೆಗೀಲಾ, ಬಾಗಿಲೇ ಕಿತ್ತು ತೆಗೀಲಾ? ಬಿಡಿಸಿ ಹೇಳಿ. ನಮ್ಮವರಿಗೆ ಬಿಡಿಸಿ ಹೇಳೋಕಾಗ್ಲಿಲ್ಲ. ನಿಮಗೆ ನಾಲಿಗೆ ಇದೆಯಲ್ಲ.”

ಹೊರಗೆ ಯಾರೋ ಕೆಮ್ಮಿದರು. ಮೇಷ್ಟ್ರು ದನಿ ತಗ್ಗಿಸಿದ. “ಜನ ನೋಡ್ತಿದಾರೆ, ತಾಯಿ.”

“ನೋಡ್ಲಿ. ಹಾಗೇ ಹೋಗಿ ನಿಮ್ಮ ಮನೆ ಬಾಗಿಲನ್ನೂ ನೋಡ್ಲಿ. ಎರಡು ಬೀಗ ಇದೆ. ಮೇಲಿಂದು ನಮ್ಮವರು ಹಾಕಿದ್ದು, ಗಟ್ಟಿ ಮಾಲು.”

ಅದರಿಂದ ಗುಂಪು ಒಡೆಯಿತು ಎಂದುಕೊಳ್ಳಬೇಡಿ. ಯಾರೂ ಹೋಗಿ ನೋಡಲಿಲ್ಲ. ಬೇರೆ ಕುರ್ಚಿ ತಂದು ಬೀಗದವನದೇ ಎಂದು ಇಟ್ಟಿದ್ದಾರೆ. ಅದಕ್ಕೆ ಕೈ ಮುಗಿಯುತ್ತಾರೆ, ಥೂ.

ಅವನ ಕುರ್ಚಿ ಇಲ್ಲೇ ಇದೆ. ಕಿಟಕಿ ತೆಗೆದಿದೆ.