ಶಾಂತಾಬಾಯಿಯವರು ಕೂಡಿಸಿದ ಕೀಲಿಮಣೆ

“ಲಿನಕ್ಸ್ ಎಲ್ಲಾರ್ದು ಅಂತೀರಿ. ಮತ್ತ ನನ್ನ ಬೆರಳಿಗಿ ಇದರಾಗ ಜಾಗಾ ಯಾಕಿಲ್ರಿ ಸರ್?”

ಶಹಾಬಾದಿನ ನಮ್ಮ ಕಂಪ್ಯೂಟರ್ ಕೇಂದ್ರಕ್ಕೆ ಕಲಿಯಲು ಬರುತ್ತಿದ್ದ, ಕಚೇರಿಯೊಂದರ ಟೈಪಿಸ್ಟ್ ಶಾಂತಾಬಾಯಿಯವರು ಹೀಗೆ ಕೇಳಿದಾಗ, ಕಂಪ್ಯೂಟರ್ ನಡೆಸಲು ದುಡ್ಡು ಕೊಟ್ಟು ಕೊಳ್ಳುವ ವಿಂಡೋಸ್ ಮೇಲೋ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಿ ತಿದ್ದಬಹುದಾದ ಲಿನಕ್ಸ್ ಮೇಲೋ ಎಂದು ಜಗಳವಾಡುತ್ತಿದ್ದ ನಾನೂ ಗೆಳೆಯನೂ ಅವರತ್ತ ತಿರುಗಿದೆವು. ಇಪ್ಪತ್ತು ವರ್ಷ ಟೈಪ್‌ರೈಟರಿನಲ್ಲಿ ಪಳಗಿದ್ದ ಅವರಿಗೆ ಬೇಕಾದ, ಟೈಪ್‌ರೈಟರಿನಂಥದೇ ಕನ್ನಡ ಕೀಲಿಗಳ ಜೋಡಣೆ ಲಿನಕ್ಸಿನಲ್ಲಿ ಇರಲಿಲ್ಲ.

“ಬೇಕಾದವ್ರು ತಾವೇ ಬರಕೋಬಹುದ್ರಿ,” ಎಂದೆ ಜಂಬದಿಂದ.

“ಹಂಗಾದ್ರ ಎಲ್ಲಿ ಬರೀಬೇಕು ತೋರಸ್ರಿ,” ಎನ್ನುತ್ತ ಅವರು ಕುರ್ಚಿ ಎಳೆದುಕೊಂಡು ಕೂತರು.

ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಮೂಡಬೇಕೆಂದು ಬರೆದಿಡುವ ಕೀಲಿಮಣೆಯ ಫೈಲು ತೆರೆದುಕೊಟ್ಟೆ. ಹದಿನೈದು ದಿನ, ಕಚೇರಿ ಮುಗಿಸಿ ಬಂದು, ಒಂದೊಂದೇ ಕೀಲಿಗೆ ಅಕ್ಷರ ಕೂಡಿಸಿದರು. ತಪ್ಪಿದ್ದನ್ನು ಅಳಿಸಿ ಮತ್ತೆ ಬರೆದರು. ಕೊನೆಯ ದಿನ ಕೀಲಿಗಳತ್ತ ನೋಡದೆಯೇ ಒಂದು ಪುಟ ಅರ್ಜಿ ಟೈಪಿಸಿದರು. ಒಂದಕ್ಷರವೂ ತಪ್ಪಿರಲಿಲ್ಲ.

ಬೇರೆಯವರೂ ಬಳಸಲೆಂದು ಆ ಫೈಲನ್ನು ಅವರ ಹೆಸರಿನಲ್ಲೇ ಅಂತರ್ಜಾಲಕ್ಕೆ ಸೇರಿಸಿದೆವು. ಲಿನಕ್ಸ್ ಪರವಾಗಿ ವರ್ಷಗಟ್ಟಲೆ ವಾದಿಸಿದ್ದ ನಾನು ಅದಕ್ಕಾಗಿ ಒಂದು ಸಾಲನ್ನೂ ಬರೆದಿರಲಿಲ್ಲ ಎಂಬುದು ಆಗ ಹೊಳೆಯಿತು.