ದೆವ್ವದ ನೆರಿಗೆ

ಪೂವಮ್ಮ ದೊಡ್ಡವ್ವನ ಬಾಯಿಂದ ಹೊಗಳಿಕೆ ಕೇಳಿದವರು ಇಡೀ ಗಾಳಿಬೀಡಿನಲ್ಲಿ ಯಾರೂ ಇರಲಿಲ್ಲ. ನನ್ನ ಅವ್ವನ ಅಕ್ಕ ಆಕೆ. ನೆಂಟರೆಲ್ಲ ಬೆರಳು ನೆಕ್ಕಿಕೊಂಡು ತಿಂದ ಹಬ್ಬದ ಹಂದಿ ಸಾರಿಗೂ ಆಕೆ ಕೊಡುತ್ತಿದ್ದ ಸರ್ಟಿಫಿಕೇಟು ಒಂದೇ: “ತೊಂದ್ರೆ ಇಲ್ಲೆ.” ಅದೇ ಅವಳ ಚಿನ್ನದ ಪದಕ. ಹಿಡಿಸದ್ದಕ್ಕೆ ಮಾತೇ ಬೇಕಿರಲಿಲ್ಲ. ಮೂಗಿನ ಹೊಳ್ಳೆ ಅರಳಿ “ಹ್ಞುಂ” ಎಂಬ ಸದ್ದು ಬಂದರೆ ಸಾಕು, ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಕೂಡ ದಾರಿ ಬದಲಿಸುತ್ತಿದ್ದ.

ಗಂಡ ಸತ್ತ ಮೇಲೆ ಕಾಫಿ ತೋಟ ಅವಳ ಕೈಯಲ್ಲೇ ಇತ್ತು. ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ಆಳುಗಳಿಗಿಂತ ಮುಂದೆ ಇಳಿಜಾರು ಹತ್ತುತ್ತಿದ್ದಳು. ಕೊಡಗಿನ ಹೆಂಗಸರು ಸೀರೆಯ ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸುವವರು. ಗುಡ್ಡ ಹತ್ತುವಾಗ ಕಾಲಿಗೆ ತೊಡರುವುದಿಲ್ಲ. ಆದರೆ ದೊಡ್ಡವ್ವನನ್ನು ಕೇಳಿದರೆ ಕಾರಣ ಅದಲ್ಲ. ಕಾವೇರಮ್ಮ ಮುನಿದು ನದಿಯಾಗಿ ಹರಿದಾಗ ನಮ್ಮ ಹೆಂಗಸರು ಅಡ್ಡ ನಿಂತು ತಡೆದರಂತೆ. ಆ ರಭಸಕ್ಕೆ ಅವರ ನೆರಿಗೆ ಹಿಂದಕ್ಕೆ ಸರಿಯಿತಂತೆ. ಅಂದಿನಿಂದ ಅದು ಅಲ್ಲೇ ಇದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಮಡಿಕೇರಿಯ ಟೆಂಟಿಗೆ ಒಂದು ದೇವರ ಸಿನಿಮಾ ಬಂತು. ಭಕ್ತಿಯ ಜೊತೆ ಭಯವೂ ಉಂಟು, ಎದೆ ಗಟ್ಟಿ ಇಲ್ಲದವರು ಬರಬೇಡಿ ಎಂದು ಜೀಪಿನಲ್ಲಿ ಕೂಗಿಕೊಂಡು ಹೋದರು. ಬರಬೇಡಿ ಎಂದ ಮೇಲೆ ಬಿಡುವುದುಂಟೆ? ದೊಡ್ಡವ್ವನ ಹಿಂದೆ ನಾವೆಲ್ಲ ಹೊರಟೆವು.

ಅಯ್ಯೋ, ಆ ಸಿನಿಮಾ! ದೇವಿಯ ಕಿರೀಟ ಹಾಡಿನ ನಡುವೆ ಕಿವಿಯ ಮೇಲೆ ಜಾರುತ್ತಿತ್ತು. ಸ್ಮಶಾನದಲ್ಲಿ ಮಿಂಚಿದರೆ, ಯಾರೋ ಸ್ವಿಚ್ಚು ಆಡಿಸುತ್ತಿದ್ದಾರೆಂದು ಕೂಸಿಗೂ ತಿಳಿಯುತ್ತಿತ್ತು. ಮಂತ್ರವಾದಿಯ ಗಡ್ಡ ಒಂದು ಕಡೆ ಕಿತ್ತು ಬಂದು, ಅವನ ಮಂತ್ರಕ್ಕೆ ಬೇರೆಯೇ ತಾಳ ಹಾಕುತ್ತಿತ್ತು. ದೆವ್ವ ಬರುವ ಹೊತ್ತಿಗೆ ಅರ್ಧ ಟೆಂಟು ಕಡಲೆಕಾಯಿ ಸುಲಿಯುವುದರಲ್ಲಿ ಮುಳುಗಿತ್ತು.

ಕಡೆಗೂ ಬಂತು. ಕೂದಲು ಬಿಟ್ಟುಕೊಂಡು ನಮಗೆ ಬೆನ್ನು ಹಾಕಿ ನಿಂತಿತು. ಢಂ ಎಂದು ಡೋಲು ಬಡಿಯಿತು. ನೋಡಿದರೆ, ಸೀರೆಯ ನೆರಿಗೆ ಹಿಂದೆ! ದೆವ್ವದ ಪಾದ ಹಿಂದುಮುಂದು ಎನ್ನುತ್ತಾರಲ್ಲ, ಪಾದ ತಿರುಗಿಸಲು ಬಾರದ ಪುಣ್ಯಾತ್ಮರು ಸೀರೆಯನ್ನು ತಿರುಗಿಸಿದ್ದರು. ಬೇರೆ ಊರುಗಳಲ್ಲಿ ಜನ ಚೀರಿದ್ದರೋ ಏನೋ. ನಮ್ಮ ಟೆಂಟಿನಲ್ಲಿ ಹೆಂಗಸರ ಕಡೆ ಕೂತಿದ್ದವರೆಲ್ಲರ ನೆರಿಗೆಯೂ ಹಿಂದೆಯೇ ಇತ್ತು.

ದೊಡ್ಡವ್ವ ಎದ್ದು ನಿಂತಳು. “ಎಂತ ದೆವ್ವ ಇದ್? ನಮ್ಮ ಕಡೆ ಹೆಣ್ಣಲ್ಲನಾ! ಪಾಪ, ಪಿಕ್ಕಿಂಗ್ ಮುಗ್ಸಿ ಬಂದುಟು. ಒಂದ್ ಲೋಟ ಕಾಫಿ ಕೊಡಿ ಅದ್ಕೆ!”

ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಕ್ಕಿತು. ಆದರೆ ಮಂತ್ರವಾದಿ ಆ ಹೆಣ್ಣಿಗೆ ಪೊರಕೆಯಲ್ಲಿ ಬಡಿಯತೊಡಗಿದಾಗ ದೊಡ್ಡವ್ವ ನಗಲಿಲ್ಲ. ದಾರಿಯುದ್ದಕ್ಕೂ ಉರಿಯುತ್ತಲೇ ಬಂದಳು. “ಕಾವೇರಮ್ಮ ಕೊಟ್ಟ ನೆರಿಗೆ ದೆವ್ವದ್ದಂತೆ! ಅದೂ ದೇವ್ರ ಸಿನಿಮಾಲಿ! ಥೂ, ಅವ್ರ ಬಾಯಿಗೆ ಮಣ್ಣ್ ಹಾಕ!”

ಮುಂದಿನ ವರ್ಷ ನನ್ನ ಮದುವೆಯಾಯಿತು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿ ಹೊಗೆಸೊಪ್ಪು ಬೆಳೆಯುತ್ತಿದ್ದ ಮನೆ. ಅತ್ತೆ ಒಳ್ಳೆಯವರೇ. ಆದರೆ ಆ ದರಿದ್ರ ಸಿನಿಮಾವನ್ನು ಅವರೂ ನೋಡಿದ್ದರು, ಅದೂ ಕೈಮುಗಿದುಕೊಂಡು. ಮೊದಲ ಬೆಳಿಗ್ಗೆಯೇ ಹೇಳಿದರು: “ಮಗಾ, ಸೀರೆ ತಿರುಗ್ಸಿ ಉಟ್ಕೊ. ನಾಕು ಜನ ಬರೋ ಮನೆ. ಹಿಂದ್ಗಡೆ ನೆರಿಗೆ ಬಿಟ್ಕೊಂಡು ಓಡಾಡಿದ್ರೆ ದೆವ್ವ ಅಂತಾರೆ.”

ಹೊಸ ಸೊಸೆ, ಏನು ಮಾಡಲಿ? ತಿರುಗಿಸಿ ಉಟ್ಟೆ. ಒಲೆಯ ಮುಂದೆ ಕೂತರೆ ನೆರಿಗೆ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಕನ್ನಡಿಯಲ್ಲಿ ಯಾರೋ ಬೇರೆಯವಳು ಕಾಣುತ್ತಿದ್ದಳು. ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ತವರಿಗೆ ಹೋದಾಗ ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಎಂತ ಗೂಡೆ ಇದ್?” ಎಂದಳು. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ಹೇಳಿದೆ. “ಹ್ಞುಂ” ಎಂಬ ಸದ್ದು ಕೂಡ ಬರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಟೆಂಟಿನಲ್ಲಿ ಮಕಾಡೆ ಮಲಗಿದ ಸಿನಿಮಾ ಸುಮ್ಮನಿರಬೇಕೋ ಬೇಡವೋ? ಅದು ಈಗ ಸಣ್ಣ ರೀಲಾಗಿ ಮನೆಮನೆಗೆ ನುಗ್ಗತೊಡಗಿತ್ತು. ನಮ್ಮ ಭಾವನವರಿಗೆ, ಅಂದರೆ ಗಂಡನ ಅಣ್ಣನಿಗೆ, ಶೋಕಿ ಜಾಸ್ತಿ. ಮಗನ ಹುಟ್ಟುಹಬ್ಬಕ್ಕೆ ಮೈಸೂರಿನಿಂದ ಪ್ರೊಜೆಕ್ಟರ್ ತರಿಸಿ “ಹೋಮ್ ಶೋ” ಎಂದು ಊರಿಗೆಲ್ಲ ಸಾರಿದರು. ಅಮ್ಮನಿಗೆ ಇಷ್ಟವೆಂದು ತಂದದ್ದು ಅದೇ ಸಿನಿಮಾ! ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಕಿಟಕಿ ಇಲ್ಲ, ಹಾಡುಹಗಲೇ ಕತ್ತಲು. ಅಲ್ಲಿ ಬಿಳಿ ಪಂಚೆ ಕಟ್ಟಿದರು. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಭಕ್ತಿಗೆ ಎಂದುಕೊಂಡರು ಭಾವ. ರೀಲು ಕತ್ತರಿಸಿ ಅಂಟಿಸಿ ಅರ್ಧ ಹಾಡುಗಳೇ ಹಾರಿಹೋಗಿದ್ದವು. ಅದೊಂದು ಉಪಕಾರ. ಉಳಿದದ್ದರಲ್ಲಿ ದೇವಿ ಬಾಯಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತಿತ್ತು.

ದೊಡ್ಡವ್ವ ಕಿತ್ತಳೆ ಬುಟ್ಟಿ ಹೊತ್ತುಕೊಂಡು ಬಂದಿದ್ದಳು. ಅತ್ತೆಯ ಪಕ್ಕದಲ್ಲೇ ಕೂತಳು. ದೆವ್ವ ಬಂದು ಬೆನ್ನು ತೋರಿಸಿದ್ದೇ ತಡ, ಎದ್ದು ನೇರ ಪಂಚೆಯ ಮುಂದೆ ಹೋಗಿ, ನಮಗೆ ಬೆನ್ನು ಮಾಡಿ ನಿಂತಳು. ದೆವ್ವದ ನೆರಿಗೆ ದೊಡ್ಡವ್ವನ ನೆರಿಗೆಯ ಮೇಲೆಯೇ ಬಿತ್ತು.

“ಅಮ್ಮಾ, ಅಡ್ಡ ಆಯ್ತದೆ,” ಎಂದರು ಭಾವ.

“ಆಗ್ಲಿ! ನೋಡಿ ಎಲ್ಲಾರೂ. ದೆವ್ವ ಇದು. ಗಾಳಿಬೀಡಿಂದ ಬಸ್ಸು ಹತ್ತಿ ಬಂದಿದೆ, ನಿಮ್ಮ ಮಕ್ಕಳಿಗೆ ಕಿತ್ತಳೆ ತಂದಿದೆ.” ಅತ್ತೆಯ ಕಡೆ ತಿರುಗಿದಳು. “ಬೀಗಿತ್ತಿಯವರೇ, ನೀವು ದಿನಾ ಕುಡಿಯೋ ನೀರು ಯಾರದ್ದು? ಕಾವೇರಮ್ಮನದ್ದಲ್ವಾ? ಈ ನೆರಿಗೆ ಹಿಂದಕ್ಕೆ ತಳ್ಳಿದ್ದು ಅವಳೇ. ಇದನ್ನ ಉಟ್ರೆ ನಮ್ಮ ಹುಡುಗಿ ನಿಮ್ಗೆ ದೆವ್ವ ಅಂತಾದ್ರೆ ಹೇಳಿ, ಇವತ್ತೇ ಕರ್ಕೊಂಡು ಹೋಗ್ತೇನೆ.”

ರೀಲು ಕಟಕಟ ಎಂದು ಓಡುತ್ತಲೇ ಇತ್ತು. ಆ ಸಿನಿಮಾ ಯಾರನ್ನಾದರೂ ನಿಜಕ್ಕೂ ಹೆದರಿಸಿದ್ದರೆ ಆ ಗಳಿಗೆಯಲ್ಲಿ ನನ್ನನ್ನು ಮಾತ್ರ. ನನ್ನ ಸಂಸಾರ ಮುಗಿಯಿತೆಂದೇ ಎಣಿಸಿದೆ.

ಅತ್ತೆ ದೊಡ್ಡವ್ವನನ್ನು ನೋಡಿದರು, ಅವಳ ಹಿಂದೆ ಎಗರಾಡುತ್ತಿದ್ದ ಮಂತ್ರವಾದಿಯ ಗಡ್ಡವನ್ನು ನೋಡಿದರು. “ಕೂತ್ಕಳಿ ಬೀಗಿತ್ತಿ,” ಎಂದರು. “ಅವಳು ಹೆಂಗ್ ಬೇಕೋ ಹಂಗ್ ಉಟ್ಕಳ್ಲಿ. ದೇವ್ರ ಹೆಸರು ಹೇಳ್ಕೊಂಡು ಇಷ್ಟು ಸುಳ್ಳು ತೋರಿಸ್ತಾರೆ ಅಂತ ನನಗೇನ್ ಗೊತ್ತು?”

ದೊಡ್ಡವ್ವ ಬಂದು ಕೂತಳು. ಅತ್ತೆಯ ಮುಖ ನೋಡಿ, “ತೊಂದ್ರೆ ಇಲ್ಲೆ,” ಎಂದಳು. ಅದು ಎಂಥ ಬಿರುದು ಎಂದು ಅತ್ತೆಗೆ ನಾನು ಆಮೇಲೆ ಬಿಡಿಸಿ ಹೇಳಬೇಕಾಯಿತು.

ಕೆಲವು ವರ್ಷಗಳ ನಂತರ ದೊಡ್ಡವ್ವ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅತ್ತೆಯೂ ನನ್ನ ಜೊತೆ ಗಾಳಿಬೀಡಿಗೆ ಬಂದರು. ಸ್ನಾನ ಮಾಡಿಸಿ ಸೀರೆ ಉಡಿಸುವಾಗ, ಮೈಸೂರು ಸೇರಿದ್ದ ನೆಂಟರವಳೊಬ್ಬಳು ಅವಸರದಲ್ಲಿ ನೆರಿಗೆ ಹಿಡಿದು ಮುಂದಕ್ಕೆ ಸಿಕ್ಕಿಸಲು ಹೊರಟಳು.

“ತಡಿ,” ಎಂದು ಅತ್ತೆ ಅವಳ ಕೈಯಿಂದ ಸೀರೆ ತೆಗೆದುಕೊಂಡರು. “ಮುಂದಕ್ಕಿಟ್ಟು ಕಳಿಸಿದ್ರೆ ಎದ್ದು ಬಂದು ಬೈತಾರೆ. ಮಗಾ, ನೀನು ಸ್ವಲ್ಪ ಎತ್ತಿ ಹಿಡ್ಕೊ.” ನಾನು ದೊಡ್ಡವ್ವನನ್ನು ಎದೆಗೆ ಒರಗಿಸಿ ಎತ್ತಿ ಹಿಡಿದೆ. ಬದುಕಿನಲ್ಲಿ ಎಂದೂ ಹಾಗೆ ಸೀರೆ ಉಟ್ಟವರಲ್ಲ ಅತ್ತೆ. ತಡವರಿಸುತ್ತಾ ಒಂದೊಂದೇ ನೆರಿಗೆ ಕೂಡಿಸಿ, ಬೆನ್ನ ಹಿಂದೆ ಸಿಕ್ಕಿಸಿ, ಅಂಗೈಯಲ್ಲಿ ಸವರಿದರು.

“ಸರಿಯಾಯ್ತಾ ನೋಡು,” ಎಂದರು.

ದೊಡ್ಡವ್ವನ ಭುಜದ ಮೇಲಿಂದ ಬಗ್ಗಿ ನೋಡಿದೆ. ಹೇಳಿದೆ: “ತೊಂದ್ರೆ ಇಲ್ಲೆ.”